ಕಡಲಿಲ್ಲದ ಊರಿನಿಂದ ದ್ವೀಪದ ರಾಜಧಾನಿಗೆ

ಶಂಷಾಬಾದಿನಲ್ಲಿ ವಿಮಾನ ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಪೋರ್ಟ್ ಬ್ಲೇರ್. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಬೇಕಾದದ್ದು ಕಡಲಿನ ಲೆಕ್ಕ ಗೊತ್ತಿರುವ ಒಂದು ಯೋಜನೆ.

ಹೈದರಾಬಾದಿಗೆ ಕಡಲಿಲ್ಲ. ಇಲ್ಲಿನವರು ಸಮುದ್ರ ನೋಡಬೇಕೆಂದರೆ ಮುನ್ನೂರು ಕಿಲೋಮೀಟರ್ ದಾಟಿ ಆಂಧ್ರದ ಕರಾವಳಿಗೆ ಇಳಿಯಬೇಕು. ಆದರೂ ಹಿಂದೂ ಮಹಾಸಾಗರದ ಮೇಲೆ ಹಗಲಿರುಳು ಕಣ್ಣಿಟ್ಟು ಕೂತಿರುವ ಕಚೇರಿ ಇರುವುದು ಇದೇ ಊರಿನ ಪ್ರಗತಿ ನಗರದಲ್ಲಿ. ಹೆಸರು ಉದ್ದ: ಇಂಡಿಯನ್ ನ್ಯಾಷನಲ್ ಸೆಂಟರ್ ಫಾರ್ ಓಷನ್ ಇನ್ಫರ್ಮೇಷನ್ ಸರ್ವೀಸಸ್. ಎಲ್ಲರೂ ಕರೆಯುವುದು ಇನ್‌ಕಾಯ್ಸ್ ಎಂದು. 2004ರ ಡಿಸೆಂಬರ್ 26ರ ಸುನಾಮಿ ಅಂಡಮಾನ್ ನಿಕೋಬಾರನ್ನು ಬಡಿದ ಮೇಲೆ ದೇಶಕ್ಕೊಂದು ಮುನ್ನೆಚ್ಚರಿಕೆ ವ್ಯವಸ್ಥೆ ಬೇಕೆಂದು ಗೊತ್ತಾಯಿತು. 2007ರ ಅಕ್ಟೋಬರಿನಿಂದ ಆ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಇಲ್ಲಿಂದಲೇ ಕೆಲಸ ಮಾಡುತ್ತಿದೆ. ಅಂಡಮಾನಿನ ಮೀನುಗಾರ ನಾಳೆ ದೋಣಿ ಇಳಿಸಬೇಕೋ ಬೇಡವೋ ಎಂಬುದಕ್ಕೆ ಬೇಕಾದ ಅಲೆಗಳ ಮುನ್ಸೂಚನೆಯೂ ಇಲ್ಲೇ ಸಿದ್ಧವಾಗುತ್ತದೆ.

ಅಂಡಮಾನಿಗೆ ಹೊರಟ ಹೈದರಾಬಾದಿನ ಕುಟುಂಬಗಳಲ್ಲಿ ಎಷ್ಟು ಮಂದಿ ಈ ಮುನ್ಸೂಚನೆ ನೋಡುತ್ತಾರೆ? ನನಗೆ ಕಂಡಂತೆ ಹತ್ತಕ್ಕೆ ಒಬ್ಬರೂ ಇಲ್ಲ. ಮೊದಲು ನೋಡುವುದು ಹೋಟೆಲಿನ ಫೋಟೊ, ಆಮೇಲೆ ವಿಮಾನದ ದರ, ಅದಾದ ಮೇಲೆ ರೀಲ್ಸ್. ಕಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿಸಿ ಹೊರಬಂದ ನಾಲ್ಕು ಮಂದಿ ಕನ್ನಡಿಗರು ನಿಂತು ಮಾತಿಗಿಳಿದರೆ ಒಂದಲ್ಲ ಒಂದು ಬಾಯಿಂದ ಈ ಮಾತು ಬಂದೇ ಬರುತ್ತದೆ: ‘ಈ ಸಲ ರಜೆಗೆ ಅಂಡಮಾನ್ ಮಾಡೋಣ್ರಿ.’ ಬೀದರ್, ಕಲಬುರಗಿ, ರಾಯಚೂರಿನ ಮಂದಿಗೂ ಶಂಷಾಬಾದೇ ಹತ್ತಿರದ ದೊಡ್ಡ ವಿಮಾನ ನಿಲ್ದಾಣ. ಅವರ ಬ್ಯಾಗುಗಳೂ ಇಲ್ಲಿಂದಲೇ ಹಾರುತ್ತವೆ. ಹಾಗಾಗಿ ಈ ಲೇಖನ ಭಾಗ್ಯನಗರದ ಕನ್ನಡಿಗರಿಗೆ ಎಷ್ಟೋ, ಕಲ್ಯಾಣ ಕರ್ನಾಟಕದವರಿಗೂ ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ. ಪ್ಯಾಕೇಜುಗಳು ಪೋರ್ಟ್ ಬ್ಲೇರನ್ನು ಬಸ್ ಸ್ಟ್ಯಾಂಡಿನಂತೆ ಬಳಸುತ್ತವೆ: ಇಳಿ, ಒಂದು ರಾತ್ರಿ ಮಲಗು, ಹ್ಯಾವ್‌ಲಾಕ್ ದ್ವೀಪಕ್ಕೆ ಓಡು. ಇದು ಸರಿಯಲ್ಲ. ಬೀಚು ಗೋಕರ್ಣದಲ್ಲೂ ಇದೆ. ಪೋರ್ಟ್ ಬ್ಲೇರಿನಂಥ ಊರು ಮಾತ್ರ ದೇಶದಲ್ಲಿ ಇನ್ನೊಂದಿಲ್ಲ. ಪ್ರವಾಸದ ಅರ್ಧ ಭಾಗವನ್ನಾದರೂ ರಾಜಧಾನಿಗೆ ಕೊಡಬೇಕು.

ಗಡಿಯಾರ ಒಂದೇ, ಸೂರ್ಯ ಬೇರೆ

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪೋರ್ಟ್ ಬ್ಲೇರಿಗೆ ಶ್ರೀ ವಿಜಯ ಪುರಂ ಎಂದು ಹೊಸ ಹೆಸರಿಟ್ಟಿತು. ಜನರ ಬಾಯಲ್ಲಿ ಹಳೆಯದೇ ಓಡಾಡುತ್ತಿದೆ. ಟಿಕೆಟ್ ಹುಡುಕುವಾಗ ಎರಡೂ ಹೆಸರು ನೆನಪಿರಲಿ, ಅಷ್ಟೇ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, ರಾಸ್ ಈಗ ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ. ಈ ಮೂರೂ ಬದಲಾದದ್ದು 2018ರ ಡಿಸೆಂಬರ್ 30ರಂದು. 1943ರಲ್ಲಿ ಅದೇ ದಿನ ನೇತಾಜಿ ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ದರು.

ಹೈದರಾಬಾದಿನಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 1,660 ಕಿಲೋಮೀಟರ್. ಬಂಗಾಳ ಕೊಲ್ಲಿಯ ಆ ಕಡೆಯ ಅಂಚು ಅದು. ಪೋರ್ಟ್ ಬ್ಲೇರಿಗೆ ಚೆನ್ನೈಗಿಂತ ಥಾಯ್ಲೆಂಡಿನ ಫುಕೆಟ್ ಹತ್ತಿರ. ಆದರೂ ಗಡಿಯಾರ ನಮ್ಮದೇ. ಇದರ ಪರಿಣಾಮವನ್ನು ಹೊಸಬರು ಊಹಿಸಿರುವುದಿಲ್ಲ. ಹೈದರಾಬಾದಿಗಿಂತ ಹದಿನಾಲ್ಕು ಡಿಗ್ರಿ ಪೂರ್ವಕ್ಕಿರುವ ಊರಿನಲ್ಲಿ ಸೂರ್ಯ ಹತ್ತಿರ ಹತ್ತಿರ ಒಂದು ಗಂಟೆ ಮುಂದಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಹೈದರಾಬಾದಿನಲ್ಲಿ ಐದೂ ಮುಕ್ಕಾಲಿಗೆ ಮುಳುಗುವವನು ಅಲ್ಲಿ ಐದು ಗಂಟೆಗೇ ಕೆಲಸ ಮುಗಿಸುತ್ತಾನೆ. ಮೇ ತಿಂಗಳಲ್ಲಿ ಬೆಳಗಿನ ಐದಕ್ಕೆಲ್ಲ ಚೆನ್ನಾಗಿ ಬೆಳಕು.

ನಮ್ಮ ಹೈದರಾಬಾದಿಗಳ ರಜೆಯ ಅಭ್ಯಾಸ ಗೊತ್ತೇ ಇದೆಯಲ್ಲ. ಎಂಟಕ್ಕೆ ಎದ್ದು, ಇರಾನಿ ಚಹಾ ಮುಗಿಸಿ, ಹನ್ನೊಂದಕ್ಕೆ ಹೊರಟು, ಊಟ ಮಾಡಿ, ಮೂರಕ್ಕೆ ನೋಡಲು ಶುರು ಮಾಡುವುದು. ಪೋರ್ಟ್ ಬ್ಲೇರಿನಲ್ಲಿ ಈ ಶೈಲಿ ನಡೆಸಿದರೆ ದಿನದ ಅರ್ಧ ಬೆಳಕು ಹಾಸಿಗೆಯಲ್ಲೇ ಹೋಯಿತು. ಹಡಗುಗಳು ಬೆಳಗಿನವು, ದ್ವೀಪಗಳಿಗೆ ಹೋಗುವ ದೋಣಿಗಳು ಬೆಳಗಿನವು, ಸಮುದ್ರ ಶಾಂತವಾಗಿರುವುದೂ ಸಾಮಾನ್ಯವಾಗಿ ಬೆಳಗ್ಗೆಯೇ. ಐದಕ್ಕೆ ಏಳುವವರ ಊರು ಅದು. ಮಕ್ಕಳಿಗೆ ಮೊದಲೇ ಹೇಳಿ ಒಪ್ಪಿಸಿಕೊಂಡು ಹೊರಡಿ.

ಯಾವ ತಿಂಗಳು?

ಶಾಲೆಯ ರಜೆಯೇ ನಮ್ಮ ಪಂಚಾಂಗ. ದಸರಾ, ಸಂಕ್ರಾಂತಿ, ಬೇಸಿಗೆ. ಈ ಮೂರರಲ್ಲಿ ಆಯ್ಕೆ ಮಾಡಬೇಕು.

ಪೋರ್ಟ್ ಬ್ಲೇರಿನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಹೈದರಾಬಾದಿನದು 800ರ ಆಸುಪಾಸು. ಮಂಗಳೂರು, ಉಡುಪಿಯ ಮಳೆ ಕಂಡವರಿಗೆ ಈ ಅಂಕಿ ಹೊಸದಲ್ಲ, ಆದರೆ ಅಲ್ಲಿ ಮುಂಗಾರು, ಹಿಂಗಾರು ಎರಡೂ ಬರುತ್ತವೆ ಎಂಬುದು ನೆನಪಿರಲಿ. ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ, ಆಮೇಲೆ ಡಿಸೆಂಬರ್ ಆರಂಭದವರೆಗೆ ಈಶಾನ್ಯ. ದೇಶಕ್ಕೆ ಮುಂಗಾರು ಕೇರಳದಿಂದ ಬರುತ್ತದೆ ಎಂದು ಪತ್ರಿಕೆಗಳು ಬರೆಯುವ ಎಷ್ಟೋ ದಿನ ಮೊದಲೇ ಅದು ಅಂಡಮಾನ್ ಸಮುದ್ರಕ್ಕೆ ಇಳಿದಿರುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಬೀಜ ಬೀಳುವುದೂ ಬಹುಪಾಲು ಅದೇ ನೀರಿನಲ್ಲಿ, ಅಕ್ಟೋಬರ್-ನವೆಂಬರಿನಲ್ಲಿ. ಅಂದರೆ ದಸರಾ ರಜೆ ಜೂಜು. ಅದೃಷ್ಟವಿದ್ದರೆ ಬಿಸಿಲು, ಇಲ್ಲದಿದ್ದರೆ ಹಡಗು ರದ್ದು.

ಬೇಸಿಗೆ ರಜೆಯಲ್ಲಿ ಏಪ್ರಿಲ್ ಕೊನೆಯ ವಾರ ಪರವಾಗಿಲ್ಲ. ಸೆಕೆ ವಿಪರೀತ, ಆದರೆ ಕಡಲು ತಿಳಿಯಾಗಿ ಹವಳ ಚೆನ್ನಾಗಿ ಕಾಣುವ ಕಾಲ. ಹೈದರಾಬಾದಿನ ಏಪ್ರಿಲ್ ಬಿಸಿಲು ಸಹಿಸಿದವರಿಗೆ ಅಲ್ಲಿನ ಉಷ್ಣಾಂಶ ದೊಡ್ಡದೇನಲ್ಲ, ಬೆವರು ಮಾತ್ರ ಬೇರೆ ಜಾತಿಯದು. ಒಣ ತಿಂಗಳುಗಳ ಕೊನೆಯಲ್ಲಿ ಪೋರ್ಟ್ ಬ್ಲೇರಿಗೆ ನೀರಿನ ಅಭಾವವೂ ಉಂಟು. ಊರಿಗೆ ನೀರು ಕೊಡುವುದು ಧನಿಕರಿ ಅಣೆಕಟ್ಟು, ಅದು ತುಂಬುವುದು ಮಳೆಯಿಂದ. ಮೂರು ಸಾವಿರ ಮಿಲಿಮೀಟರ್ ಸುರಿಯುವ ಊರಿನಲ್ಲಿ ನಲ್ಲಿ ಒಣಗುವುದು ವಿಚಿತ್ರ ಅನಿಸಬಹುದು, ಚಿರಾಪುಂಜಿಯ ಕಥೆಯೂ ಇದೇ ತಾನೆ.

ನನ್ನ ಮತ ಸಂಕ್ರಾಂತಿಗೆ. ತೆಲಂಗಾಣದ ಶಾಲೆಗಳಿಗೆ ಜನವರಿ ನಡುವೆ ಸಿಗುವ ರಜೆಗೆ ಎರಡು ದಿನ ಸೇರಿಸಿದರೆ ಸಾಕು. ಕ್ರಿಸ್‌ಮಸ್-ಹೊಸ ವರ್ಷದ ಗದ್ದಲ ಇಳಿದಿರುತ್ತದೆ, ಮಳೆ ಹೋಗಿರುತ್ತದೆ, ದರವೂ ಸ್ವಲ್ಪ ಮೆತ್ತಗಾಗಿರುತ್ತದೆ. ಮಕ್ಕಳಿಲ್ಲದವರು, ನಿವೃತ್ತರು ಫೆಬ್ರುವರಿ-ಮಾರ್ಚ್ ಹಿಡಿಯಲಿ. ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಹೈದರಾಬಾದಿನ ಇನ್ನೊಂದು ದೊಡ್ಡ ವರ್ಗಕ್ಕೆ ಬೇರೆಯದೇ ಪಂಚಾಂಗ. ಡಿಆರ್‌ಡಿಒ, ಇಸಿಐಎಲ್, ಎನ್‌ಎಫ್‌ಸಿ ಹೀಗೆ ಕೇಂದ್ರದ ಸಂಸ್ಥೆಗಳು ತುಂಬಿದ ಊರು ಇದು. ಎಲ್‌ಟಿಸಿ, ಅಂದರೆ ನೌಕರರ ರಜೆ ಪ್ರವಾಸ ರಿಯಾಯಿತಿ, ಇಲ್ಲಿ ಮನೆಮಾತು. ಸ್ವಂತ ಊರಿಗೆ ಹೋಗುವ ಎಲ್‌ಟಿಸಿಯನ್ನು ಅಂಡಮಾನಿಗೆ ಬದಲಿಸಿಕೊಳ್ಳಲು, ವಿಮಾನದ ಅರ್ಹತೆ ಇಲ್ಲದ ಕೇಂದ್ರ ನೌಕರರೂ ವಿಮಾನದಲ್ಲಿ ಹೋಗಲು ವಿಶೇಷ ಸಡಿಲಿಕೆ ಇದೆ. ಅದನ್ನು ಅವಧಿ ಅವಧಿಗೆ ನವೀಕರಿಸುತ್ತಾರೆ. ಹೊರಡುವ ಮೊದಲು ಇಲಾಖೆಯಲ್ಲಿ ಚಾಲ್ತಿಯ ಆದೇಶ ಓದಿಕೊಳ್ಳಿ, ಟಿಕೆಟನ್ನು ಸರ್ಕಾರ ಗುರುತಿಸಿದ ಏಜೆಂಟರಲ್ಲೇ ಕೊಳ್ಳಿ. ಅಗ್ಗ ಸಿಕ್ಕಿತೆಂದು ಬೇರೆಲ್ಲೋ ಕೊಂಡು ಬಿಲ್ ಪಾಸಾಗದೆ ಒದ್ದಾಡುವವರ ಸಂಖ್ಯೆ ಕಡಿಮೆಯಿಲ್ಲ.

ಕೋಠಿಯಿಂದ ಕರಿನೀರಿಗೆ

ಪೋರ್ಟ್ ಬ್ಲೇರಿಗೆ ಹೋಗುವ ಮೊದಲು ಒಂದು ಭಾನುವಾರ ಕೋಠಿಗೆ ಹೋಗಿಬನ್ನಿ. ಹಳೆ ಪುಸ್ತಕದ ಸಾಲು, ಬ್ಯಾಂಕ್ ಸ್ಟ್ರೀಟ್, ಮಹಿಳಾ ಕಾಲೇಜು, ಎಲ್ಲ ನೋಡಿದ್ದೇ. ಕಾಲೇಜಿನ ಒಳಗಿನ ಆ ಬಿಳಿ ಕಂಬಗಳ ಅರಮನೆ ಬ್ರಿಟಿಷ್ ರೆಸಿಡೆನ್ಸಿ. ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ್ದು. 1857ರ ಜುಲೈ 17ರಂದು ಇದೇ ಕಟ್ಟಡದ ಮೇಲೆ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ದಂಡು ಕಟ್ಟಿಕೊಂಡು ಬಿದ್ದರು. ಒಳಗೆ ಸೆರೆಯಲ್ಲಿದ್ದ ಜಮಾದಾರ್ ಚೀದಾ ಖಾನ್ ಮತ್ತು ಸಂಗಡಿಗರನ್ನು ಬಿಡಿಸಿಕೊಳ್ಳುವುದು ಅವರ ಉದ್ದೇಶ. ದಿವಾನ ಸಾಲಾರ್ ಜಂಗ್ ಮೊದಲೇ ಸುದ್ದಿ ಮುಟ್ಟಿಸಿದ್ದರಿಂದ ರೆಸಿಡೆನ್ಸಿ ಸಿದ್ಧವಾಗಿತ್ತು. ದಾಳಿ ಸೋತಿತು. ತುರ್ರೇಬಾಜ್ ಖಾನರಿಗೆ ಅಂಡಮಾನಿನ ಶಿಕ್ಷೆಯಾಯಿತು, ಅವರು ಸೆರೆಯಿಂದ ತಪ್ಪಿಸಿಕೊಂಡರು, ತೂಪ್ರಾನ್ ಬಳಿ ಸಿಕ್ಕಿ ಕೊಲೆಯಾದರು. ಅವರ ಹೆಣವನ್ನು ಊರಿಗೆ ಕಾಣುವಂತೆ ತೂಗುಹಾಕಿದರು. ಮೌಲ್ವಿ ಅಲಾವುದ್ದೀನರನ್ನು ಮಾತ್ರ 1859ರಲ್ಲಿ ಅಂಡಮಾನಿಗೆ ಸಾಗಿಸಿದರು. ಅವರು ಮತ್ತೆ ಹೈದರಾಬಾದ್ ನೋಡಲಿಲ್ಲ. ಸತ್ತದ್ದು ದ್ವೀಪದಲ್ಲೇ.

ನಮ್ಮವರ ಕಥೆಯೂ ಇದರ ಪಕ್ಕದಲ್ಲೇ ಇದೆ. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಕಂಪನಿಯ ವಿರುದ್ಧ ನಿಂತು, ಸೋತು, ಓಡಿಬಂದದ್ದು ಹೈದರಾಬಾದಿಗೇ. ಇಲ್ಲೇ ಸೆರೆ, ಇಲ್ಲೇ ವಿಚಾರಣೆ. ಮೊದಲು ಮರಣದಂಡನೆ, ನಂತರ ಅದು ಜೀವಾವಧಿ ಗಡೀಪಾರು. ಕರಿನೀರು ದಾಟುವುದು ಖಚಿತವಾಯಿತು ಅನ್ನುವಷ್ಟರಲ್ಲಿ ಗವರ್ನರ್ ಜನರಲ್ ಅದನ್ನು ಮದರಾಸಿನ ಬಳಿ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಿದ. ಆ ಸೆರೆಮನೆಯನ್ನೂ ತರುಣ ರಾಜ ಮುಟ್ಟಲಿಲ್ಲ. ದಾರಿಯಲ್ಲೇ ಪಿಸ್ತೂಲಿನ ಗುಂಡಿಗೆ ಪ್ರಾಣ ಹೋಯಿತು. ಅವನನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾನೆ.

ಇಲ್ಲಿ ಗೈಡುಗಳು ತಪ್ಪಿಸುವ ಒಂದು ವಿಷಯ ಹೇಳಬೇಕು. ಅಲಾವುದ್ದೀನರು ಸೆಲ್ಯುಲರ್ ಜೈಲಿನಲ್ಲಿ ಇದ್ದರು ಎಂದು ಹೈದರಾಬಾದಿನಲ್ಲಿ ಬಹಳ ಮಂದಿ ನಂಬಿದ್ದಾರೆ. ಆ ಜೈಲು ಕಟ್ಟಲು ಶುರುವಾದದ್ದು 1896ರಲ್ಲಿ, ಮುಗಿದದ್ದು 1906ರಲ್ಲಿ. 1858ರ ಮಾರ್ಚ್ 10ರಂದು ಡಾ. ಜೇಮ್ಸ್ ಪ್ಯಾಟಿಸನ್ ವಾಕರ್ 200 ಕೈದಿಗಳೊಂದಿಗೆ ಬಂದಿಳಿದಾಗ ಅಲ್ಲಿದ್ದದ್ದು ಕಾಡು, ಜಿಗಣೆ, ಮಲೇರಿಯಾ. ಕೈದಿಗಳೇ ಕಾಡು ಕಡಿದು ತಮ್ಮ ಸೆರೆಯನ್ನು ತಾವೇ ಕಟ್ಟಿಕೊಂಡರು. ಮೊದಲು ಚಾಥಮ್, ರಾಸ್ ದ್ವೀಪಗಳಲ್ಲಿ, ಆಮೇಲೆ ವೈಪರ್‌ನಲ್ಲಿ. ಹೀಗಾಗಿ 1857ರ ಹೈದರಾಬಾದಿನ ಜಾಡು ಹುಡುಕುವವರು ಹೋಗಬೇಕಾದದ್ದು ಈ ಪುಟ್ಟ ದ್ವೀಪಗಳಿಗೆ. ಚಾಥಮ್‌ಗೆ ಸೇತುವೆಯೇ ಇದೆ. ಅಲ್ಲಿ 1883ರಿಂದ ಮರದ ಕಾರ್ಖಾನೆ ನಡೆಯುತ್ತಿದೆ, ಪಡೌಕ್ ದಿಮ್ಮಿಗಳ ವಾಸನೆ ಮೂಗಿಗೆ ಬಡಿಯುತ್ತದೆ.

ಚಿಲಕ ಇರುವ ಜಾಗ

ಹಾಗೆಂದು ಸೆಲ್ಯುಲರ್ ಜೈಲು ಬಿಟ್ಟು ಬರಲಾದೀತೇ? ಆದರೆ ಪ್ಯಾಕೇಜಿನವರು ಕೊಡುವ ಒಂದು ಗಂಟೆ ಸಾಲದು.

ಮಧ್ಯದ ಗೋಪುರದಿಂದ ಏಳು ರೆಕ್ಕೆಗಳು ಹೊರಟಿದ್ದವು. ಈಗ ಉಳಿದಿರುವುದು ಮೂರು. ಒಂದು ರೆಕ್ಕೆಯ ಮುಂಭಾಗ ಇನ್ನೊಂದರ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದಾರೆ. ಯಾವ ಕೈದಿಗೂ ಇನ್ನೊಬ್ಬನ ಮುಖ ಕಾಣಬಾರದು. ಕೋಣೆಯ ಒಳಗೆ ಹೋಗಿ ನಿಲ್ಲಿ. ಹದಿಮೂರೂವರೆ ಅಡಿ ಉದ್ದ, ಏಳಡಿ ಅಗಲ. ಹಿಂದಿನ ಗೋಡೆಯಲ್ಲಿ ಕೈಗೆಟುಕದ ಎತ್ತರದಲ್ಲಿ ಒಂದು ಕಿಂಡಿ. ಆಮೇಲೆ ಹೊರಬಂದು ಬಾಗಿಲಿನ ಚಿಲಕ ನೋಡಿ. ಚಿಲಕದ ಉದ್ದ ಸರಳು ಬಾಗಿಲನ್ನು ದಾಟಿ, ಪಕ್ಕದ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಹೋಗಿ ಕೂರುತ್ತದೆ. ಬೀಗ ಬೀಳುವುದು ಆ ಗೂಡಿನಲ್ಲಿ. ಸರಳುಗಳ ಸಂದಿಯಿಂದ ಎಷ್ಟು ಕೈ ಚಾಚಿದರೂ ಕೈದಿಗೆ ಬೀಗ ಸಿಗುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಇಡೀ ವಸಾಹತುಶಾಹಿಯ ಬುದ್ಧಿ ಆ ಒಂದು ಮೊಳ ಕಬ್ಬಿಣದಲ್ಲಿದೆ. ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಒಳಗೆ ನಿಂತು ಕೈ ಚಾಚಲು ಹೇಳಿ.

ಅಂಗಳದಲ್ಲಿ ಗಾಣದ ಮಾದರಿ ಇದೆ. ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತು, ಎತ್ತಿನ ಜಾಗದಲ್ಲಿ ಮನುಷ್ಯ. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ್ ಸಿಂಗ್, ಮೋಹಿತ್ ಮೈತ್ರ, ಮೋಹನ್ ಕಿಶೋರ್ ನಾಮದಾಸ್ ಜೀವ ಬಿಟ್ಟರು. ಜನ ಗುಂಪು ಕಟ್ಟಿಕೊಂಡು ಸಾವರ್ಕರರ ಕೋಣೆಯೊಂದನ್ನೇ ಹುಡುಕುತ್ತಾರೆ, ಫೋಟೊ ತೆಗೆದು ಇಳಿಯುತ್ತಾರೆ. ಗೋಪುರದಲ್ಲಿ ಕಲ್ಲಿನ ಮೇಲೆ ಕೆತ್ತಿದ ಹೆಸರುಗಳ ಪಟ್ಟಿಯಿದೆ, ಬಂಗಾಳ, ಪಂಜಾಬ್ ಎಂದು ಪ್ರಾಂತ್ಯವಾರು. ಅದನ್ನೂ ಓದಿ. ಸಂಜೆಯ ಧ್ವನಿ-ಬೆಳಕು ಪ್ರದರ್ಶನದಲ್ಲಿ ಅಂಗಳದ ಅರಳಿ ಮರ ಕಥೆ ಹೇಳುತ್ತದೆ, ಓಂ ಪುರಿಯವರ ದನಿಯಲ್ಲಿ. ಸ್ವಲ್ಪ ನಾಟಕೀಯ ಹೌದು, ಆದರೂ ಕೂತು ಕೇಳುವಂಥದ್ದು. ಉಳಿದ ರೆಕ್ಕೆಗಳು ಏನಾದವು ಎಂದರೆ, ಕೆಡವಿದ ಜಾಗದಲ್ಲಿ ಈಗ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ. 1979ರ ಫೆಬ್ರುವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಜೈಲನ್ನು ರಾಷ್ಟ್ರೀಯ ಸ್ಮಾರಕವೆಂದು ದೇಶಕ್ಕೆ ಅರ್ಪಿಸಿದರು.

ಜೈಲಿನ ಎದುರಿನ ಜೆಟ್ಟಿಯಿಂದ ದೋಣಿಯಲ್ಲಿ ಹತ್ತಿಪ್ಪತ್ತು ನಿಮಿಷ ಹೋದರೆ ರಾಸ್. ಒಂದು ಕಾಲದಲ್ಲಿ ಆಳುವವರ ರಾಜಧಾನಿ: ಚರ್ಚು, ಬೇಕರಿ, ಈಜುಕೊಳ, ಬಾಲ್‌ರೂಮು. 1941ರ ಭೂಕಂಪ, ಮರುವರ್ಷ ಜಪಾನೀಯರು, ಅಲ್ಲಿಗೆ ಅದರ ಕಥೆ ಮುಗಿಯಿತು. ಈಗ ಆಲದ ಜಾತಿಯ ಮರಗಳ ಬೇರುಗಳು ಇಟ್ಟಿಗೆ ಗೋಡೆಗಳನ್ನು ತಬ್ಬಿ ಹಿಡಿದಿವೆ, ಚುಕ್ಕಿ ಜಿಂಕೆಗಳು ಪಕ್ಕದಲ್ಲೇ ಮೇಯುತ್ತವೆ. ಹಂಪಿಯಲ್ಲಿ ಬಿದ್ದ ಊರು ನೋಡಿ ಮರುಗಿದವರು ಇಲ್ಲಿ ಬಿದ್ದ ಊರು ನೋಡಿ ಅಷ್ಟೇನೂ ಮರುಗುವುದಿಲ್ಲ ಎಂದು ನನ್ನ ಅಂದಾಜು. ಬುಧವಾರ ರಾಸ್‌ಗೆ ಪ್ರವೇಶವಿಲ್ಲ, ಯೋಜನೆಯಲ್ಲಿ ಗುರುತು ಮಾಡಿಕೊಳ್ಳಿ. ಉಳಿದ ಮ್ಯೂಸಿಯಮ್ಮುಗಳಿಗೂ ವಾರದ ರಜೆ ಬೇರೆ ಬೇರೆ, ಹಿಂದಿನ ದಿನ ಕೇಳಿಕೊಂಡರೆ ಆಟೊ ಖರ್ಚು ಉಳಿಯುತ್ತದೆ.

ಪರ್ಸಿನಲ್ಲಿ ಹಳೆಯ ಕೆಂಪು ಇಪ್ಪತ್ತರ ನೋಟಿದ್ದರೆ ತಿರುಗಿಸಿ ನೋಡಿ. ತೆಂಗಿನ ಮರಗಳ ನಡುವೆ ಕಾಣುವ ಕೊಲ್ಲಿ, ದೂರದ ದೀಪಸ್ತಂಭ ಪೋರ್ಟ್ ಬ್ಲೇರಿನದು. ಮೌಂಟ್ ಹ್ಯಾರಿಯೆಟ್ ಬೆಟ್ಟದ ಕಡೆಯಿಂದ ಕಾಣುವ ನೋಟ ಅದು. ಬೆಟ್ಟದ ಹೆಸರು 2021ರಿಂದ ಮೌಂಟ್ ಮಣಿಪುರ. ಅದರ ತಪ್ಪಲಿನ ಹೋಪ್ ಟೌನ್ ಜೆಟ್ಟಿಯಲ್ಲಿ 1872ರ ಫೆಬ್ರುವರಿ 8ರ ಸಂಜೆ ಶೇರ್ ಅಲಿ ಎಂಬ ಪಠಾಣ ಕೈದಿ ವೈಸ್‌ರಾಯ್ ಲಾರ್ಡ್ ಮೇಯೋನನ್ನು ಇರಿದು ಕೊಂದ. ಭಾರತದಲ್ಲಿ ಅಧಿಕಾರದಲ್ಲಿದ್ದಾಗಲೇ ಕೊಲೆಯಾದ ಏಕೈಕ ವೈಸ್‌ರಾಯ್ ಆತ.

ಬಜಾರಿನ ಮಾತು

ಅಬರ್ಡೀನ್ ಬಜಾರಿನಲ್ಲಿ ಅರ್ಧ ಗಂಟೆ ಸುಮ್ಮನೆ ನಡೆದರೆ ಈ ಊರಿನ ಗುಣ ಗೊತ್ತಾಗುತ್ತದೆ. 2011ರ ಜನಗಣತಿ ಪ್ರಕಾರ ದ್ವೀಪಸ್ತೋಮದಲ್ಲಿ ಬಂಗಾಳಿ ಮಾತಾಡುವವರು ನೂರಕ್ಕೆ 28, ಹಿಂದಿ 19, ತಮಿಳು 15, ತೆಲುಗು 13. ಎಲ್ಲರೂ ಸೇರಿದಲ್ಲಿ ಹಿಂದಿ. ಹೈದರಾಬಾದಿನ ಕನ್ನಡಿಗನಷ್ಟು ಸಲೀಸಾಗಿ ಇಲ್ಲಿ ಓಡಾಡಬಲ್ಲವರು ಕಡಿಮೆ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೊದವನ ಜತೆ ದಖ್ಖನಿ. ಶ್ರೀಕಾಕುಳಂ ಕಡೆಯಿಂದ ಬಂದು ನೆಲೆಸಿದ ತೆಲುಗರು ಮೀನು ಮಾರುಕಟ್ಟೆಯಲ್ಲಿ ಸಿಗುತ್ತಾರೆ. ನಾಲ್ಕು ಮಾತು ತೆಲುಗಿನಲ್ಲಿ ಆಡಿದರೆ ದರ ಇಳಿಯದಿದ್ದರೂ ಮುಖ ಅರಳುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದ ಹಳೆಯ ಕೈದಿಗಳ ವಂಶಸ್ಥರು ತಮ್ಮನ್ನು ‘ಲೋಕಲ್ ಬಾರ್ನ್’ ಎಂದು ಕರೆದುಕೊಳ್ಳುತ್ತಾರೆ. ಅವರ ಅಜ್ಜ ಅಜ್ಜಿಯರ ಮದುವೆಗೆ ಜಾತಿ, ಪ್ರಾಂತ್ಯದ ಲೆಕ್ಕ ನಡೆದಿರಲಿಲ್ಲ. ಊರ ಹೊರಗೆ ವಂಡೂರು, ಮಂಜೇರಿ, ಕ್ಯಾಲಿಕಟ್ ಎಂಬ ಬೋರ್ಡು ಕಂಡರೆ ಗಾಬರಿಯಾಗಬೇಡಿ. 1921ರ ಮಲಬಾರ್ ಬಂಡಾಯದ ಬಳಿಕ ಗಡೀಪಾರಾದ ಮಾಪಿಳ್ಳೆಯರು ತಮ್ಮ ಮಲಬಾರಿನ ಹೆಸರುಗಳನ್ನು ಹೊತ್ತು ತಂದಿದ್ದರು.

ಊಟದ ಚಿಂತೆ ಬೇಡ. ಸಸ್ಯಾಹಾರಿಗಳಿಗೆ ಬಜಾರಿನಲ್ಲೇ ಇಡ್ಲಿ, ದೋಸೆ, ಊಟ ಸಿಗುತ್ತದೆ. ತರಕಾರಿ ಬಹುಪಾಲು ಹಡಗಿನಲ್ಲಿ ಬರುವುದರಿಂದ ದರ ನಮ್ಮ ಮೊಂಡಾ ಮಾರ್ಕೆಟಿನದಲ್ಲ. ಹೈದರಾಬಾದಿ ಬಿರಿಯಾನಿ ಎಂದು ಬೋರ್ಡು ಹಾಕಿದ ಹೋಟೆಲಿಗೆ ಹೋಗುವವರಿಗೆ ನಾನು ಏನೂ ಹೇಳಲಾರೆ. ಮೀನಿನ ಊರಿಗೆ ಬಂದು ಅದೇಕೆ ಬೇಕು?

ಫೋನಿನ ವಿಷಯ: 2020ರ ಆಗಸ್ಟ್ 10ರಂದು ಚೆನ್ನೈಯಿಂದ ಸಮುದ್ರದಡಿಯ 2,300 ಕಿಲೋಮೀಟರ್ ಕೇಬಲ್ ಶುರುವಾದ ಮೇಲೆ ಪೋರ್ಟ್ ಬ್ಲೇರಿನಲ್ಲಿ ಇಂಟರ್ನೆಟ್ ಚೆನ್ನಾಗಿದೆ. ದೂರದ ದ್ವೀಪಗಳಲ್ಲಿ ಭರವಸೆ ಬೇಡ. ಹಡಗಿನ ಟಿಕೆಟ್, ಹೋಟೆಲ್ ಚೀಟಿ ಕಾಗದದ ಮೇಲಿರಲಿ, ಕೈಯಲ್ಲಿ ನಗದಿರಲಿ.

ಬಾರಾಟಾಂಗ್ ಬೇಡ

ಎಲ್ಲ ಪ್ಯಾಕೇಜುಗಳಲ್ಲೂ ಬಾರಾಟಾಂಗ್ ಇರುತ್ತದೆ. ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ, ನಡುವೆ ಮ್ಯಾಂಗ್ರೋವ್ ಕಾಡಿನ ದೋಣಿಯಾನ. ಕೇಳಲು ಚೆಂದ. ಆದರೆ ಅಲ್ಲಿಗೆ ಹೋಗುವ ರಸ್ತೆ ಜಿರ್ಕಾಟಾಂಗ್ ತಪಾಸಣಾ ಠಾಣೆಯ ಬಳಿ ಜಾರವಾ ಬುಡಕಟ್ಟಿನ ಮೀಸಲು ಪ್ರದೇಶದೊಳಕ್ಕೆ ನುಗ್ಗುತ್ತದೆ. ವಾಹನಗಳು ಸಾಲಾಗಿ ಪೊಲೀಸ್ ಬೆಂಗಾವಲಿನಲ್ಲಿ ಹೋಗಬೇಕು, ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಮೀಸಲು ಪ್ರದೇಶದೊಳಗಿನ ಈ ರಸ್ತೆಯ ಭಾಗವನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. 2012ರಲ್ಲಿ ಪ್ರವಾಸಿಗರ ಮುಂದೆ ಜಾರವಾ ಹೆಂಗಸರನ್ನು ಕುಣಿಸಿದ ವಿಡಿಯೊ ಹೊರಬಿದ್ದು ದೇಶ ತಲೆತಗ್ಗಿಸಿತು. ರಸ್ತೆ ಇನ್ನೂ ಓಡುತ್ತಿದೆ. ಗುಹೆಯ ಹೆಸರಲ್ಲಿ ಹೊರಟವರು ಕಿಟಕಿಗೆ ಮೂಗು ಒತ್ತಿ ಕೂತಿರುವುದು ಯಾರನ್ನು ನೋಡಲು ಎಂಬುದು ಡ್ರೈವರಿಗೂ ಗೊತ್ತು.

ಈ ಜನರ ಬಗ್ಗೆ ನಿಜಕ್ಕೂ ಕುತೂಹಲವಿದ್ದರೆ ಅದಕ್ಕೆ ಉತ್ತರದ ಒಂದು ಪಾಲು ಹೈದರಾಬಾದಿನ ಹಬ್ಸಿಗುಡದಲ್ಲಿದೆ. ಅಲ್ಲಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಲಾಲ್‌ಜಿ ಸಿಂಗ್, ತಂಗರಾಜ್ ಮತ್ತು ಸಂಗಡಿಗರು ಅಂಡಮಾನಿನ ಇತರ ಬುಡಕಟ್ಟುಗಳಾದ ಓಂಗೆ ಹಾಗೂ ಗ್ರೇಟ್ ಅಂಡಮಾನೀಯರ ಡಿಎನ್‌ಎ ಅಧ್ಯಯನ ಮಾಡಿ 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಫ್ರಿಕಾದಿಂದ ಹೊರಟ ಮೊದಲ ಮಾನವರ ವಂಶವಾಹಿನಿಗಳು ಐವತ್ತರಿಂದ ಎಪ್ಪತ್ತು ಸಾವಿರ ವರ್ಷ ಇಲ್ಲಿ ಬೇರೆಯಾಗಿಯೇ ಉಳಿದಿವೆ ಎಂಬುದು ಅವರ ತೀರ್ಮಾನ. ಪೋರ್ಟ್ ಬ್ಲೇರಿನ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಈ ಬುಡಕಟ್ಟುಗಳ ಬಿಲ್ಲು, ಬುಟ್ಟಿ, ದೋಣಿಗಳಿವೆ. ಅಲ್ಲಿ ಎರಡು ಗಂಟೆ ಕಳೆಯಿರಿ. ಬಾರಾಟಾಂಗ್ ದಿನವನ್ನು ಉಳಿಸಿ ವಂಡೂರಿಗೆ ಕೊಡಿ.

ವಂಡೂರಿನಿಂದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ದೋಣಿಗಳು ಹೊರಡುತ್ತವೆ. ಒಣ ತಿಂಗಳುಗಳಲ್ಲಿ ಜಾಲಿ ಬಾಯ್ ದ್ವೀಪ, ಮಳೆಗಾಲದಲ್ಲಿ ರೆಡ್ ಸ್ಕಿನ್ ದ್ವೀಪ, ಒಂದು ತೆರೆದಾಗ ಇನ್ನೊಂದಕ್ಕೆ ವಿಶ್ರಾಂತಿ. ಸೋಮವಾರ ರಜೆ. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಚಿಪ್ಸ್ ಪ್ಯಾಕೆಟನ್ನೂ ದಡದಲ್ಲೇ ಬಿಡಿಸುತ್ತಾರೆ. ಹವಳ, ಚಿಪ್ಪು ಹೆಕ್ಕಿ ಬ್ಯಾಗಿಗೆ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ, ವನ್ಯಜೀವಿ ಕಾಯ್ದೆ ಇದೆ. ವಂಡೂರು ಬೀಚಿನಲ್ಲಿ ಮೊಸಳೆಯ ಎಚ್ಚರಿಕೆ ಫಲಕ ಕಂಡರೆ ಅದು ಅಲಂಕಾರಕ್ಕಲ್ಲ. ಹೋಗುವ ದಾರಿಯಲ್ಲಿ ಸಿಪ್ಪಿಘಾಟ್ ಬಳಿ ನೀರು ನಿಂತ ಬಯಲು ನೋಡಿ. 2004ರ ಭೂಕಂಪದಲ್ಲಿ ನೆಲ ಕುಸಿದು ಕಡಲು ಒಳಬಂತು. ಅದಕ್ಕೂ ಮೊದಲು ಅದು ಗದ್ದೆ.

ಹೋಟೆಲಿಗೂ ಮೊದಲು ಹಡಗು

ಈಗ ಯೋಜನೆಯ ಕ್ರಮ. ಮೊದಲು ವಿಮಾನ. ಪೋರ್ಟ್ ಬ್ಲೇರಿನ ವೀರ ಸಾವರ್ಕರ್ ನಿಲ್ದಾಣಕ್ಕೆ 2023ರ ಜುಲೈನಲ್ಲಿ ಶಂಖದಾಕಾರದ ಹೊಸ ಟರ್ಮಿನಲ್ ಬಂದಿದೆ. ರನ್‌ವೇ ಮಾತ್ರ ನೌಕಾಪಡೆಯೊಂದಿಗೆ ಹಂಚಿಕೆಯದು, ವಿಮಾನಗಳು ಬಹುತೇಕ ಹಗಲಿನವು. ಶಂಷಾಬಾದಿಗೆ ನಸುಕಿನಲ್ಲಿ ಮುಟ್ಟಬೇಕಾದೀತು, ಪುಷ್ಪಕ್ ಬಸ್ಸಿನ ವೇಳೆ ನೋಡಿಟ್ಟುಕೊಳ್ಳಿ. ಪುರುಸೊತ್ತಿದ್ದವರಿಗೆ ವಿಶಾಖಪಟ್ಟಣ, ಚೆನ್ನೈ, ಕೋಲ್ಕತ್ತಾಗಳಿಂದ ಹಡಗೂ ಉಂಟು, ಸುಮಾರು ಮೂರು ದಿನದ ಯಾನ. ರೋಮಾಂಚನ ಮೊದಲ ದಿನಕ್ಕೆ ಮುಗಿಯುತ್ತದೆ.

ಎರಡನೆಯದು ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು. ಹೋಟೆಲಿಗೂ ಮೊದಲು ಇದು. ಸರ್ಕಾರಿ ಹಡಗುಗಳು ಫೀನಿಕ್ಸ್ ಬೇ ಜೆಟ್ಟಿಯಿಂದ, ದರ ಕಡಿಮೆ, ಸೀಟು ಸಿಗುವುದು ಕಷ್ಟ. ಖಾಸಗಿ ಕ್ಯಾಟಮರಾನ್‌ಗಳು ಸ್ವರಾಜ್ ದ್ವೀಪಕ್ಕೆ ಒಂದೂವರೆ-ಎರಡು ಗಂಟೆಯಲ್ಲಿ ಮುಟ್ಟಿಸುತ್ತವೆ. ಹಡಗಿನ ದಿನ ಖಚಿತವಾದ ಮೇಲೆ ಹೋಟೆಲ್ ಹಿಡಿಯಿರಿ. ವಾಂತಿಯ ಮಾತ್ರೆ ಹತ್ತುವ ಮೊದಲು, ಹತ್ತಿದ ಮೇಲಲ್ಲ. ಸ್ವರಾಜ್ ದ್ವೀಪದ ರಾಧಾನಗರ ಬೀಚು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಎರಡು ರಾತ್ರಿ ಸಾಕು. ಅಮೆರಿಕದ ಪಾಸ್‌ಪೋರ್ಟಿರುವ ಮೊಮ್ಮಕ್ಕಳನ್ನು ಕರೆದೊಯ್ಯುವ ಅಜ್ಜ ಅಜ್ಜಿಯರು ವಿದೇಶೀಯರ ಅನುಮತಿ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಲಿ. ನಿಕೋಬಾರ್ ಪ್ರವಾಸಿಗರಿಗೆ ತೆರೆದಿಲ್ಲ, ಅದರ ಆಸೆ ಬೇಡ.

ಹೊರಡುವ ಮೂರು ದಿನ ಮೊದಲಿಂದ ಇನ್‌ಕಾಯ್ಸ್‌ನ ಅಲೆ ಮುನ್ಸೂಚನೆಯನ್ನು ದಿನಕ್ಕೊಮ್ಮೆ ನೋಡಿ. ಎತ್ತರದ ಅಲೆಯ ಎಚ್ಚರಿಕೆ ಇದ್ದರೆ ಹಡಗು ಬಿಡುವುದಿಲ್ಲ, ಯಾರ ಶಿಫಾರಸೂ ನಡೆಯುವುದಿಲ್ಲ. ಸ್ವರಾಜ್ ದ್ವೀಪದಲ್ಲಿ ಕೊನೆಯ ರಾತ್ರಿ ಕಳೆದು ಬೆಳಗಿನ ಹಡಗಿನಲ್ಲಿ ಬಂದು ಅದೇ ಮಧ್ಯಾಹ್ನ ಹೈದರಾಬಾದ್ ವಿಮಾನ ಹಿಡಿಯುತ್ತೇನೆ ಎನ್ನುವ ಯೋಜನೆಯನ್ನು ಯಾವ ಏಜೆಂಟ್ ಕೊಟ್ಟರೂ ಒಪ್ಪಬೇಡಿ. ದ್ವೀಪಗಳನ್ನು ಮೊದಲು ಮುಗಿಸಿ, ರಾಜಧಾನಿಯನ್ನು ಕೊನೆಗಿಟ್ಟುಕೊಳ್ಳಿ. ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಿ.